ಶೈಲಜಾ ಉರ್ಫ್ ಗಂಗಾಂಬಿಕಾ

೧೨ ಸೆಪ್ಟೆಂಬರ್ ೨೦೦೫, ಸೋಮವಾರ
ಬೈಲಹೊಂಗಲ

ಗೊಬ್ಬರದ ಅಂಗಡಿಯವರು ವರ್ಷದ ಮೊದಲಿಗೆ ಕೊಟ್ಟ ಈ ಡೈರಿ ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಕೆಳಗೆ ಬಿದ್ದಿತ್ತು. ಇವತ್ತು ತೆಗೆದೆ. ಕಟಕೋಳದ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಮೇಲೆ ನಾನು ಬರೆದದ್ದು ಕಿರಾಣಿ ಚೀಟಿ ಅಷ್ಟೇ. ಆದರೆ ಹೇಳಲಾರದ ಮಾತು ಮನಸ್ಸಿನಲ್ಲಿ ಉಳಿದರೆ ಲಿಂಗಪೂಜೆಯ ನಡುವೆ ಬಂದು ಕೂರುತ್ತದೆ. ಹಾಳೆಯ ಮೇಲೆ ಇಳಿಸಿದರೆ ಪೂಜೆಯಾದರೂ ಸ್ವಚ್ಛವಾಗಿ ನಡೆದೀತು.

ಇವತ್ತಿನ ಸಿಟ್ಟು ಸೊಸೆ ಗಂಗಾಂಬಿಕಾಳ ಮೇಲೆ. ಕಟಕೋಳದಿಂದ ನಮ್ಮಣ್ಣ ಭರಮಪ್ಪ ಮೊನ್ನೆ ಫೋನ್ ಮಾಡಿದನಂತೆ. ‘ಕೆಂಪವ್ವನ್ನ ಕರೀಯವಾ’ ಅಂದನಂತೆ. ಇವಳು ‘ಕೆಂಪವ್ವ ಅನ್ನೋರು ಇಲ್ಲಿ ಯಾರೂ ಇಲ್ರಿ, ರಾಂಗ್ ನಂಬರ್’ ಎಂದು ಇಟ್ಟುಬಿಟ್ಟಿದ್ದಾಳೆ. ಅಣ್ಣ ಇವತ್ತು ಹಸಿ ಶೇಂಗಾದ ಚೀಲ ಹೊತ್ತು ತಾನೇ ಬಸ್ಸು ಹತ್ತಿ ಬಂದ.

“ಏನವಾ ತಂಗಿ, ಇದ್ದೀ? ನಿನ್ನ ಸೊಸಿ ನೀ ಇಲ್ಲ ಅಂದ್ಲು. ಮಣ್ಣ ಕೊಡೂದರ ಐತೇನಂತ ಬಂದೆ.”

ನಮ್ಮವರು ನಕ್ಕು ನಕ್ಕು ಕೆಮ್ಮು ತಂದುಕೊಂಡರು. ಗಂಗಾಂಬಿಕಾ ಮುಖ ಕೆಂಪಗೆ ಮಾಡಿಕೊಂಡು, “ನಂಗ ಗೊತ್ತs ಇರಲಿಲ್ರಿ ಅತ್ತಿ, ನಿಮ್ಮ ಹೆಸರು ಗುರುಬಸವ್ವ ಅಲ್ರೀ?” ಅಂದಳು.

ಅವಳಿಗೆ ಹೇಗೆ ಗೊತ್ತಿರಬೇಕು? ಮೂವತ್ತೆರಡು ವರ್ಷದ ಹಿಂದೆ ಮದುವೆಯ ದಿನ ನಮ್ಮವರು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಗುರುಬಸವ್ವ ಎಂದು ಬರೆದರು. ಆವತ್ತಿನಿಂದ ನಾನು ಗುರುಬಸವ್ವ. ನಮ್ಮ ಕಡೆ ಹಾಗೆಯೇ. ಹೊಸ್ತಿಲು ದಾಟಿದ ಹೆಣ್ಣಿಗೆ ಹೊಸ ಹೆಸರು. ಕೆಂಪವ್ವ ಅನ್ನಲು ಉಳಿದವನು ಅಣ್ಣ ಒಬ್ಬನೇ.

ಇವಳಿಗೂ ಹೋದ ವರ್ಷ ಮಗ ಸಂಜು ಹಾಗೆಯೇ ಅಕ್ಕಿಯಲ್ಲಿ ಗಂಗಾಂಬಿಕಾ ಎಂದು ಬರೆದ. ಆ ಹೆಸರು ಇಟ್ಟವಳು ನಾನು.

೨೦ ಸೆಪ್ಟೆಂಬರ್, ಮಂಗಳವಾರ

ಸೊಸೆಯ ಕೆಲಸ ನನಗೆ ಇನ್ನೂ ಪೂರ್ತಿ ತಿಳಿಯದು. ಅಮೆರಿಕಾದಲ್ಲಿ ಹೃದಯದ ಡಾಕ್ಟರು ರೋಗಿಯನ್ನು ನೋಡಿ ಆಮೇಲೆ ಒಂದು ಯಂತ್ರಕ್ಕೆ ಮಾತಾಡುತ್ತಾರಂತೆ. ಆ ಮಾತು ನಮ್ಮ ಟೆಲಿಫೋನ್ ತಂತಿಯಲ್ಲಿ ಬರುತ್ತದೆ. ಇವಳು ಕಿವಿಗೆ ಹಚ್ಚಿಕೊಂಡು ಕೇಳಿ ಟೈಪ್ ಮಾಡಿ ಕಳಿಸುತ್ತಾಳೆ. ಕಾಲಿನ ಕೆಳಗೆ ಹೊಲಿಗೆ ಯಂತ್ರಕ್ಕೆ ಇದ್ದಂತೆ ಒಂದು ಪೆಡಲು. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಸುಮ್ಮನಾಗುತ್ತಾರೆ. ನಮ್ಮವರು, “ಇಂಥಾದ್ದೊಂದು ನಿಮ್ಮತ್ತಿಗೂ ಕೂಡಸಲಾಕ ಬರತೈತೇನ ನೋಡವಾ” ಅಂದರು.

ಮೊದಲು ಹುಬ್ಬಳ್ಳಿಯ ಒಂದು ಕಂಪನಿಗೆ ಮಾಡುತ್ತಿದ್ದಳು. ಅದು ಜುಲೈಯಲ್ಲಿ ಬಾಗಿಲು ಹಾಕಿತು. ಇವಳ ಕೆಲಸ ಮೆಚ್ಚಿದ ಡಾಕ್ಟರ ಆಫೀಸಿನವರು ನೇರವಾಗಿ ನೀನೇ ಮಾಡಿಕೊಡು ಅಂದರು. ಧಾರವಾಡದಲ್ಲಿ ಬಿ.ಎಸ್ಸಿ. ಓದಿದ್ದು ದಂಡವಾಗಲಿಲ್ಲ ಎಂದು ಅವತ್ತು ಮನೆಯೆಲ್ಲ ಕುಣಿದಾಡಿದ್ದಳು.

ಇವತ್ತು ಊಟಕ್ಕೆ ಕರೆದರೆ ಕಣ್ಣು ಒರೆಸಿಕೊಂಡು ಬಂದಳು. ಏನಾಯಿತೆಂದು ಕೇಳಿದೆ.

“ಒಬ್ಬ ಅಜ್ಜಿ ಅದಾರ್ರಿ ಅತ್ತಿ. ಅರವತ್ತೆಂಟು ವರ್ಷ. ನಾಳೆ ಎದಿ ಸೀಳಿ ಆಪರೇಶನ್. ಮನ್ಯಾಗ ಒಬ್ಬಾಕಿನ ಇರತಾಳಂತ.”

“ಏನು ಹೆಸರು? ಪೂಜ್ಯಾಗ ಬೇಡಿಕೊಳ್ಳತೇನಿ.”

“ಹೆಸರು ಹೇಳೂಹಂಗಿಲ್ರಿ. ಕಾಯ್ದೆ ಐತಿ.”

ಹೆಸರಿಲ್ಲದೆ ಹೇಗೆ ಬೇಡಿಕೊಳ್ಳುವುದು? ಸಂಜೆ ಪೂಜೆಯಲ್ಲಿ ಲಿಂಗಯ್ಯನ ಮುಂದೆ ‘ಆ ಮುದುಕಿ’ ಎಂದಷ್ಟೇ ಅಂದೆ. ಅವನಿಗೆ ತಿಳಿಯಿತೋ ಇಲ್ಲವೋ.

೩ ಅಕ್ಟೋಬರ್, ಸೋಮವಾರ

ಅಮೆರಿಕಾದಿಂದ ಬಂದ ಪಗಾರದಲ್ಲಿ ನೂರಕ್ಕೆ ಮೂವತ್ತು ಮುರಿದುಕೊಂಡಿದ್ದಾರೆ. ಅಲ್ಲಿನ ಸರಕಾರದ ತೆರಿಗೆಯಂತೆ. ಗಂಗಾಂಬಿಕಾ ಮಧ್ಯಾಹ್ನ ಉಣ್ಣಲಿಲ್ಲ. ಸಂಜು ಮೋಟಾರು ವೈಂಡಿಂಗ್ ಅಂಗಡಿ ಮುಚ್ಚಿ ಬಂದು ಅವಳ ಪಕ್ಕ ಕೂತು ಕಾಗದ ತಿರುವಿದ. ಅವನಿಗೂ ತಿಳಿಯಲಿಲ್ಲ.

“ಇಲ್ಲಿ ಕುಂತು ಮಾಡಿದ್ದಕ್ಕ ಅವರ್ಯಾಕ ಮುರಕೋಬೇಕು?” ಎಂದು ಅವಳು ಗೋಡೆಯನ್ನು ಕೇಳುವಂತೆ ಕೇಳುತ್ತಿದ್ದಳು.

ಯಾರದೋ ತಪ್ಪಿನಿಂದ ಆಗಿರಬೇಕು. ಸರಿಹೋಗುತ್ತದೆ.

೫ ಅಕ್ಟೋಬರ್, ಬುಧವಾರ

ಸಂಜುನಿಗೆ ಪುರಸೊತ್ತಿಲ್ಲವೆಂದು ನಾನೇ ಅವಳ ಜೊತೆಗೆ ಹತ್ತಿ ಪೇಟೆಯ ರಾಮಲಿಂಗಪ್ಪನವರ ಆಫೀಸಿಗೆ ಹೋದೆ. ಪೇಟೆಯ ವ್ಯಾಪಾರಸ್ಥರ ತೆರಿಗೆಯೆಲ್ಲ ಅವರೇ ನೋಡುವವರು. ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು.

“ಅಕ್ಕಾರ, ಮೂವತ್ತು ವರ್ಷ ಹತ್ತಿ, ಶೇಂಗಾ, ಬೆಲ್ಲದ ಟ್ಯಾಕ್ಸ್ ಬರದೇನಿ. ಡಾಕ್ಟರನ ಮಾತಿಂದು ಇದs ಮೊದಲು ನೋಡ್ರಿ. ನಿನ್ನೆ ಸಂಜು ಹೇಳಿದ ಮ್ಯಾಲ ಬೆಳಗಾವಿ ಸಿ.ಎ.ಗೆ ಫೋನ್ ಮಾಡಿ ಕೇಳಿಕೊಂಡು ಕುಂತೇನಿ.”

ಅವರು ಹೇಳಿದ್ದು ಇಷ್ಟು. ದುಡ್ಡು ಕೊಡುವವರು ಎಲ್ಲಿಯಾದರೂ ಇರಲಿ, ಕೆಲಸ ಮಾಡಿದವಳು ಕೂತ ಜಾಗ ಯಾವುದು ಅನ್ನುವುದು ಮುಖ್ಯ. ಬೈಲಹೊಂಗಲದಲ್ಲಿ ಕೂತು ಮಾಡಿದ ಕೆಲಸಕ್ಕೆ ಅಮೆರಿಕಾದ ತೆರಿಗೆ ಬರುವುದಿಲ್ಲ. ತೆರಿಗೆ ಇಲ್ಲಿಯ ಸರಕಾರಕ್ಕೆ.

ನನಗೆ ಥಟ್ಟನೆ ತಿಳಿಯಿತು. “ಅಂದ್ರ ನಮ್ಮ ಹೊಲದಂಗ. ಹೊಲ ಮುರಗೋಡ ಶಿವಾರದಾಗ ಐತಿ, ಹತ್ತಿ ಮಾರೂದು ಬೈಲಹೊಂಗಲದಾಗ. ಆದ್ರ ಹೊಲದ ತೆರಿಗಿ, ಫಾಳಾ, ತುಂಬೂದು ಮುರಗೋಡ ಚಾವಡ್ಯಾಗ.”

ರಾಮಲಿಂಗಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. “ಬರ್ರಿ ಅಕ್ಕಾರ, ಇಲ್ಲೆ ಕುಂದರ್ರಿ. ನಾ ನಿಮ್ಮ ಹೊಲಕ್ಕ ಹೋಗ್ತೇನಿ.”

ಗಂಗಾಂಬಿಕಾ ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಆದರೆ ‘ನಾನು ಪರದೇಶದವಳು, ಪರದೇಶದಲ್ಲೇ ಕೂತು ಮಾಡುತ್ತೇನೆ’ ಎಂದು ಅಮೆರಿಕಾದವರಿಗೆ ಒಂದು ಫಾರ್ಮು ಬರೆದುಕೊಡಬೇಕಂತೆ. ಆಗಸ್ಟಿನಲ್ಲಿಯೇ ಕೊಟ್ಟಿದ್ದಾಳೆ. ಆ ಫಾರ್ಮಿನಲ್ಲಿ ಹೆಸರು ಗಂಗಾಂಬಿಕಾ, ಬ್ಯಾಂಕಿನ ಖಾತೆಯಲ್ಲೂ ಗಂಗಾಂಬಿಕಾ. ಗುರುತಿಗೆಂದು ಕಳಿಸಿದ ಪ್ಯಾನ್ ಕಾರ್ಡು ಮಾತ್ರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಮೇಲೆ ತೆಗೆಸಿದ್ದು. ಅದರಲ್ಲಿ ಅವಳ ತವರಿನ ಹೆಸರು, ಶೈಲಜಾ. ಅಲ್ಲಿಯ ಗುಮಾಸ್ತ ಇವರು ಇಬ್ಬರು ಹೆಂಗಸರು ಎಂದು ತಿಳಿದು ಫಾರ್ಮನ್ನು ಬದಿಗೆ ಸರಿಸಿ ಮೂವತ್ತು ಮುರಿದಿದ್ದಾನೆ.

“ಸಹಿ ಮಾಡೂ ಮುಂದ ಪ್ಯಾನ್ ಕಾರ್ಡ್ ನೋಡಬಾರದೇನವಾ?” ಎಂದು ರಾಮಲಿಂಗಪ್ಪನವರು ಕೇಳಿದರು.

ಅವಳು ತಲೆ ತಗ್ಗಿಸಿ, “ತಪ್ಪಾತ್ರಿ ಕಾಕಾ” ಅಂದಳು. ನನ್ನ ಕಡೆ ನೋಡಲಿಲ್ಲ.

೧೨ ಅಕ್ಟೋಬರ್, ಬುಧವಾರ, ವಿಜಯದಶಮಿ

ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಅಂದೆವು ಎಲ್ಲರಿಗೂ. ಸೊಸೆಗೆ ಮಾತ್ರ ಬರೀ ಎಲೆ ಕೈಗಿಟ್ಟು ಮುಂದೆ ಸರಿದೆ.

ಬರೆದುಬಿಡುತ್ತೇನೆ. ಆಗಸ್ಟಿನಲ್ಲಿ ಆ ಫಾರ್ಮು ತುಂಬುವಾಗ ಅವಳು ಶೈಲಜಾ ಎಂದೇ ಬರೆಯಹೊರಟಿದ್ದಳು. ತಡೆದವಳು ನಾನು. ನಮ್ಮ ಮನೆಯಿಂದ ಹೋಗುವ ಕಾಗದದಲ್ಲಿ ನಮ್ಮ ಮನೆಯ ಹೆಸರೇ ಇರಬೇಕು ಅಂದೆ. ಬ್ಯಾಂಕಿನಲ್ಲಿಯೂ ಹಾಗೆಯೇ ಮಾಡಿಸಿದ್ದೆ. ರಾಮಲಿಂಗಪ್ಪನವರ ಎದುರು ಅವಳು ತಪ್ಪು ತನ್ನ ಮೇಲೆ ಹಾಕಿಕೊಂಡಳು. ನಾನು ಸುಮ್ಮನೆ ಸೆರಗು ಸರಿಮಾಡಿಕೊಂಡು ಕೂತಿದ್ದೆ.

೧೭ ಅಕ್ಟೋಬರ್, ಸೋಮವಾರ

ಅಮೆರಿಕಾದಿಂದ ಇಮೇಲು ಬಂದಿದೆ. ನವೆಂಬರ್ ಮೂವತ್ತರೊಳಗೆ ಫಾರ್ಮು, ಬ್ಯಾಂಕು, ಗುರುತು ಮೂರರಲ್ಲೂ ಒಂದೇ ಹೆಸರು ಇರಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

ಸಂಜು ರಾಮಲಿಂಗಪ್ಪನವರನ್ನು ಕೇಳಿ ಬಂದ. ಪ್ಯಾನ್ ಕಾರ್ಡಿನಲ್ಲಿ ಗಂಗಾಂಬಿಕಾ ಮಾಡಿಸಬೇಕೆಂದರೆ ಗೆಜೆಟ್ಟು, ಜಾಹೀರಾತು, ತಿಂಗಳುಗಟ್ಟಲೆ ಓಡಾಟ. ಬ್ಯಾಂಕಿನಲ್ಲಿ ಮೊದಲಿನಂತೆ ಶೈಲಜಾ ಮಾಡಿಸಿದರೆ ಎಂಟು ದಿನದ ಕೆಲಸ. ಅದಕ್ಕೆ ಇಬ್ಬರೂ ಒಬ್ಬಳೇ ಎಂದು ವಕೀಲರ ಮುಂದೆ ಅಫಿಡವಿಟ್ಟು ಆಗಬೇಕು. ಹೆಸರು ಇಟ್ಟ ಮನೆಯ ಹಿರಿಯರು ಹೌದೆಂದು ಸಹಿ ಹಾಕಬೇಕು.

“ಅವ್ವಾ, ನೀ ಒಂದು ಸಹಿ ಮಾಡಿದ್ರ ಆತು.”

“ಆಗೂದಿಲ್ಲ” ಅಂದೆ.

ಸಂಜು ಏಳು ವರ್ಷದವನಿದ್ದಾಗ ವಿಷಮಜ್ವರ ಬಂದು ಹನ್ನೊಂದು ದಿನ ಕಣ್ಣು ಬಿಟ್ಟಿರಲಿಲ್ಲ. ಆಗ ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿರುವ ಗಂಗಾಂಬಿಕೆ ತಾಯಿಗೆ ಬೇಡಿಕೊಂಡಿದ್ದೆ: ಇವನನ್ನು ಉಳಿಸು, ಇವನ ಹೆಂಡತಿಗೆ ನಿನ್ನ ಹೆಸರು ಇಡುತ್ತೇನೆ. ಹನ್ನೆರಡನೆಯ ದಿನ ಗಂಜಿ ಕುಡಿದ. ಕೊಟ್ಟ ಮಾತನ್ನು ಡಾಲರಿಗಾಗಿ ಹಿಂದೆ ತೆಗೆದುಕೊಳ್ಳಲೇ?

“ದೇವರಿಗೆ ನಾ ಹೇಳತೇನಿ ಬಿಡವಾ” ಅಂದ ಸಂಜು.

“ಬೇಡಿಕೊಂಡಾಕಿ ನಾ. ನೀ ಆವಾಗ ಖಬರಿಲ್ಲದs ಬಿದ್ದಿದ್ದಿ” ಅಂದೆ. ಅವನು ಎದ್ದು ಹೋದ.

ಗಂಗಾಂಬಿಕಾ ಚಹಾದ ಬಟ್ಟಲು ತೊಳೆಯಲು ಕೂತಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು.

೧೯ ಅಕ್ಟೋಬರ್, ಬುಧವಾರ

ರೊಟ್ಟಿ ಬಡಿದೆ. ಅರ್ಧ ಹಾಗೆಯೇ ಉಳಿದವು.

೨೪ ಅಕ್ಟೋಬರ್, ಸೋಮವಾರ

ಪಕ್ಕದ ಮನೆಯ ಮಾಲಾ ಬಂದು ಬಾಗಿಲಲ್ಲಿಯೇ ಗಟ್ಟಿಯಾಗಿ ಮಾತು ಶುರು ಮಾಡಿದಳು. “ಮೆಲ್ಲಕ ಮಾತಾಡ, ಒಳಗ ಡಾಕ್ಟರು ಮಾತಾಡಾಕತ್ತಾರ” ಅಂದೆ. ಅವಳು ಹೆದರಿ, “ಯಾರಿಗೆ ಆರಾಮಿಲ್ರೀ?” ಅಂದಳು. ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿತು.

ಅವಳು ಹೋದ ಮೇಲೆ ಒಳಗೆ ನೋಡಿದರೆ ಗಂಗಾಂಬಿಕಾ ಒಂದು ವಹಿಯಲ್ಲಿ ಏನೋ ಬರೆಯುತ್ತಿದ್ದಳು. ಯಾವ ಡಾಕ್ಟರು ಯಾವ ಶಬ್ದವನ್ನು ನುಂಗಿ ಮಾತಾಡುತ್ತಾರೆ, ಯಾರು ಕೆಮ್ಮುತ್ತ ಮಾತಾಡುತ್ತಾರೆ, ಎಲ್ಲವೂ.

“ಯಾಕ ಇದು?”

“ಮುಂದ ಮಾಡೋರಿಗೆ ಕಳಸಾಕ್ರಿ. ಅವರು ತ್ರಾಸ ಪಡಬಾರದಲ್ರೀ.”

ಹಾಗೆ ಅಂದು ಮತ್ತೆ ಬರೆಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, “ಅತ್ತಿ, ಹೇಳಾಕ ಮರತಿದ್ದೆ. ಆ ಅಜ್ಜಿ ಆರಾಮ ಆಗಿ ಮನಿಗೆ ಹೋದ್ರಂತ. ತನ್ನ ಕಾಲ ಮ್ಯಾಲ ತಾನs ನಡಕೋತ ಹೋದ್ರಂತ ಡಾಕ್ಟರು ಹೇಳ್ಯಾರ” ಅಂದಳು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಮುದುಕಿ ನನಗೆ ಯಾರು? ಹೆಸರು ಸಹ ಗೊತ್ತಿಲ್ಲ.

ಹೆಸರು ಗೊತ್ತಿಲ್ಲ. ಆದರೂ ಲಿಂಗಯ್ಯ ಏಳು ಸಮುದ್ರದ ಆಚೆ ಸರಿಯಾದ ಮನೆಯನ್ನೇ ಹುಡುಕಿಕೊಂಡು ಹೋದ.



೧ ನವೆಂಬರ್, ಮಂಗಳವಾರ, ದೀಪಾವಳಿ

ಲಕ್ಷ್ಮೀ ಪೂಜೆಗೆ ನಮ್ಮವರು ಹತ್ತಿ ತೂಗುವ ತಕ್ಕಡಿ ಇಟ್ಟರು, ಸಂಜು ಸ್ಪ್ಯಾನರುಗಳನ್ನು ತೊಳೆದು ಇಟ್ಟ. ಗಂಗಾಂಬಿಕಾ ಏನೂ ಇಡಲಿಲ್ಲ. ಒಳಗೆ ಹೋಗಿ ನೋಡಿದೆ. ಪೆಡಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿ ಹಾಕಿಬಿಟ್ಟಿದ್ದಾಳೆ, ಗಡುವಿಗೆ ಇನ್ನೂ ಒಂದು ತಿಂಗಳಿದ್ದರೂ. ತೆಗೆದು ತಂದು ತಕ್ಕಡಿಯ ಪಕ್ಕ ಇಟ್ಟೆ. ವಿಭೂತಿ ಹಚ್ಚಿ ಒಂದು ಸೇವಂತಿಗೆ ಇಟ್ಟೆ.

ನಮ್ಮವರು ನೋಡಿ, “ಒತ್ತಬ್ಯಾಡ, ಪೂಜ್ಯಾಗ ಡಾಕ್ಟರು ಮಾತಾಡ್ಯಾರು” ಅಂದರು.

ಅವಳು ದೀಪ ಹಚ್ಚಲು ಬಂದವಳು ನೋಡಿ ಅಲ್ಲಿಯೇ ನಿಂತಳು. ಆಮೇಲೆ ನನ್ನ ಕಾಲಿಗೆ ಬಿದ್ದಳು. ಸೋಮವಾರ ಕಿತ್ತೂರ ಕಡೆ ಹೋಗುವ ಬಸ್ಸು ಎಷ್ಟಕ್ಕೆ ಎಂದು ಸಂಜುನನ್ನು ಕೇಳಿದೆ.

೭ ನವೆಂಬರ್, ಕಾರ್ತಿಕ ಸೋಮವಾರ

ನಾನು ಮತ್ತು ಸೊಸೆ ಇಬ್ಬರೇ ಹೋದೆವು. ಕಿತ್ತೂರಿಗೆ ಒಂದು ಬಸ್ಸು, ಅಲ್ಲಿಂದ ಎಂ.ಕೆ. ಹುಬ್ಬಳ್ಳಿಗೆ ಇನ್ನೊಂದು. ಮಲಪ್ರಭೆಯಲ್ಲಿ ನೀರು ಚೆನ್ನಾಗಿತ್ತು. ಕಾರ್ತಿಕವಾದ್ದರಿಂದ ಜನವೂ ಬಹಳ. ದಾರಿಯಲ್ಲಿ ಕಿತ್ತೂರ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಕೇಳಿದೆ.

“ನಿನಗ ಯಾವ ಹೆಸರು ಚಲೋ ಅನಸತೈತಿ?”

“ನೀವು ಕರದದ್ದು ಚಲೋ ಐತ್ರಿ.”

“ಅತ್ತಿ ಕೇಳಾಕತ್ತಾಳಂತ ಹೇಳಬ್ಯಾಡ. ಖರೇ ಹೇಳು.”

“ನಮ್ಮಪ್ಪ ತೀರಿಕೊಳ್ಳೂ ಮುಂದ ಕರದದ್ದು ಶೈಲಜಾ ಅಂತ. ಅದೊಂದs ಕಿವ್ಯಾಗ ಉಳದೈತ್ರಿ. ಕಾಗದದಾಗ ಇದ್ರ ಅಪ್ಪ ಬರದಂಗ ಅನಸತೈತಿ” ಅಂದಳು.

ನಾನು ಇಷ್ಟು ದಿನ ಇದನ್ನು ಕೇಳಿಯೇ ಇರಲಿಲ್ಲ.

ತಾಯಿಯ ಮುಂದೆ ಕಾಯಿ ಒಡೆಸಿ ಕಣ್ಣು ಮುಚ್ಚಿದೆ. ಹೊಸ ಹರಕೆ ಬೇಡಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ತಾಯಿ, ಹೆಸರು ಇಡುತ್ತೇನೆ ಅಂದಿದ್ದೆ, ಇಟ್ಟೆ. ಮನೆಯಲ್ಲಿ ಕರೆದೆ. ಆದರೆ ಇವಳಿಗೆ ಅವರಪ್ಪ ಕೊಟ್ಟದ್ದು ಒಂದಿತ್ತು, ಅದನ್ನು ಕಸಿದುಕೊಳ್ಳುತ್ತೇನೆ ಎಂದು ನಿನಗೆ ನಾನು ಬೇಡಿಕೊಂಡಿರಲಿಲ್ಲ. ಅದು ನನ್ನ ಜಂಬ. ಅಮೆರಿಕಾದ ಮುದುಕಿಯನ್ನು ಲಿಂಗಯ್ಯ ಹೆಸರಿಲ್ಲದೆ ನೋಡಿಕೊಂಡ, ನೀನೂ ಇವಳನ್ನು ಯಾವ ಹೆಸರಿನಲ್ಲಿದ್ದರೂ ಗುರುತು ಹಿಡಿಯುತ್ತೀ.

ಒಪ್ಪಿಗೆಯ ಹೂವೇನೂ ಬೀಳಲಿಲ್ಲ. ಹಿಂದೆ ನಿಂತವರು “ಅಜ್ಜಿ, ಮುಂದ ಸರೀರಿ” ಅಂದರು. ಐವತ್ತಕ್ಕೇ ಅಜ್ಜಿ!

ಬರುವಾಗ ಶೈಲಜಾ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದಳು. ಇಬ್ಬರೂ ಚುರುಮುರಿ ತಿಂದೆವು. ಒಂದು ತಿಂಗಳಿನಿಂದ ಇಷ್ಟು ಹಸಿವೆ ಆಗಿರಲಿಲ್ಲ.

೧೦ ನವೆಂಬರ್, ಗುರುವಾರ

ಕೋರ್ಟಿನ ಹತ್ತಿರ ನೋಟರಿ ವಕೀಲರಲ್ಲಿಗೆ ಹೋಗಿದ್ದೆವು. ರಾಮಲಿಂಗಪ್ಪನವರೂ ಬಂದಿದ್ದರು. ಅವರ ಕಿವಿಗೆ ಬೀಳುವಂತೆ ಮೊದಲು ನಾನು ಹೇಳಿದೆ: “ಅವತ್ತು ತಪ್ಪು ಮಾಡಿದಾಕಿ ಈಕಿ ಅಲ್ಲ, ನಾ.” ಅವರು, “ನಂಗ ಆವತ್ತs ಗೊತ್ತಾಗಿತ್ರಿ. ನಿಮ್ಮ ಸೆರಗು ನಾಕು ಸರ್ತಿ ಸರಿ ಮಾಡಿಕೊಂಡ್ರಿ” ಅಂದರು. ಇಂಥ ಕಣ್ಣಿರುವುದಕ್ಕೇ ವ್ಯಾಪಾರಸ್ಥರು ಇವರಿಗೆ ಹೆದರುತ್ತಾರೆ.

ಟೈಪಿಸ್ಟು ನನ್ನ ಕಡೆ ತಿರುಗಿ, “ಗಂಡನ ಹೆಸರು?” ಅಂದ.

ನಾನು ಹೇಗೆ ಹೇಳಲಿ? ಶೈಲಜಾಳ ಕಡೆ ನೋಡಿದೆ. ಅವಳು, “ಮಡಿವಾಳೆಪ್ಪ ಅಂತ ಬರೀರಿ, ನಮ್ಮತ್ತಿ ಹೇಳೂದಿಲ್ಲ” ಅಂದಳು.

“ನಿಮ್ಮ ಮನ್ಯಾಗ ಹೆಸರಿಂದು ಬಾಳ ತ್ರಾಸ ಐತಲ್ರಿ” ಅಂದ ಅವನು. ಎಲ್ಲರೂ ನಕ್ಕರು. ನನಗೂ ತಡೆಯಲಾಗಲಿಲ್ಲ.

ಕಾಗದದ ಮೇಲೆ ‘ಶೈಲಜಾ ಉರ್ಫ್ ಗಂಗಾಂಬಿಕಾ’ ಎಂದು ಹೊಡೆದಿದ್ದ. ಉರ್ಫ್ ಅಂದರೇನೆಂದು ಕೇಳಿದೆ. ಎರಡೂ ಹೆಸರು ಒಬ್ಬರದೇ, ಯಾವುದೂ ಸುಳ್ಳಲ್ಲ ಅಂತ ಅರ್ಥವಂತೆ. ಇಷ್ಟು ಸಣ್ಣ ಶಬ್ದ ಮೊದಲೇ ಗೊತ್ತಿದ್ದರೆ ಒಂದು ತಿಂಗಳ ಕಣ್ಣೀರು ಉಳಿಯುತ್ತಿತ್ತು. ಅದರ ಕೆಳಗೆ ನಾನು ಗುರುಬಸವ್ವ ಎಂದು ಸಹಿ ಮಾಡಿದೆ.

೨೯ ನವೆಂಬರ್, ಮಂಗಳವಾರ

ಬ್ಯಾಂಕಿನವರು ಎಂಟು ದಿನ ಅಂದವರು ಹದಿಮೂರು ದಿನ ಮಾಡಿದರು. ಹೊಸ ಫಾರ್ಮು ಕಳಿಸಿ ನಾಲ್ಕು ದಿನವಾಗಿತ್ತು, ಉತ್ತರ ಇರಲಿಲ್ಲ. ನಾಳೆಯೇ ಗಡುವು. ಬೆಳಿಗ್ಗೆಯಿಂದ ನಾನು ಯಾರನ್ನೂ ಫೋನ್ ಮುಟ್ಟಗೊಡಲಿಲ್ಲ. ಇಂಟರ್ನೆಟ್ಟು ಅದೇ ತಂತಿಯಲ್ಲಲ್ಲವೇ ಬರುವುದು.

ಹನ್ನೊಂದು ಗಂಟೆಗೆ ಶೈಲಜಾ ಒಳಗಿನಿಂದ “ಅತ್ತೀ!” ಎಂದು ಕೂಗಿದಳು. ಹಾಲು ಒಲೆಯ ಮೇಲೆ ಬಿಟ್ಟು ಓಡಿದೆ. ಫಾರ್ಮು ಸರಿಯಿದೆಯಂತೆ. ಮುರಿದುಕೊಂಡದ್ದನ್ನು ಅಲ್ಲಿಯ ಸರಕಾರಕ್ಕೆ ಇನ್ನೂ ಕಟ್ಟಿರಲಿಲ್ಲವಂತೆ, ಮುಂದಿನ ಪಗಾರದಲ್ಲಿ ಸೇರಿಸಿ ಕೊಡುತ್ತಾರೆ. ಕೊನೆಯಲ್ಲಿ ಡಾಕ್ಟರೊಬ್ಬರು ತಾವೇ ಒಂದು ಸಾಲು ಬರೆದಿದ್ದಾರೆ. ಶೈಲಜಾ ಓದಿ ಹೇಳಿದಳು: ನೀವು ಉಳಿದದ್ದು ಒಳ್ಳೆಯದಾಯಿತು, ನನ್ನ ಕೆಮ್ಮಿನ ನಡುವಿನ ಮಾತು ಬೇರೆ ಯಾರಿಗೂ ತಿಳಿಯುವುದಿಲ್ಲ.

ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ಬೈಯಲು ಯಾರೂ ಇರಲಿಲ್ಲ, ಬಿಟ್ಟವಳು ನಾನೇ.

ಸಂಜೆ ರಾಮಲಿಂಗಪ್ಪನವರು ಬಂದು, ಇಲ್ಲಿಯ ತೆರಿಗೆ ಮಾತ್ರ ತಪ್ಪದು, ಹೆಂಗಸರಿಗೆ ವರ್ಷಕ್ಕೆ ಒಂದು ಲಕ್ಷ ಮೂವತ್ತೈದು ಸಾವಿರದವರೆಗೆ ಮಾಫಿ, ಅದರ ಮೇಲಿನದಕ್ಕೆ ತುಂಬಬೇಕು ಅಂದರು. ನಮ್ಮವರು, “ನಮ್ಮ ಮನಿತನದಾಗ ಯಾರೂ ಇನ್‌ಕಮ್ ಟ್ಯಾಕ್ಸ್ ತುಂಬಿದಾವರಿಲ್ಲ” ಅಂದರು.

“ಈಗ ತುಂಬತಾಳ. ಕುಂತು ದುಡಿದ ನೆಲಕ್ಕ ಫಾಳಾ ತುಂಬೂದು ಅಂದ್ರ ಮರ್ಯಾದಿ” ಅಂದೆ. ಊರಿಗೆಲ್ಲ ಹೇಳಬೇಕೆನಿಸಿತು. ಮಾಲಾಳಿಗೆ ಹೇಳಿದೆ, ಅಷ್ಟು ಸಾಕು.

೧ ಜನವರಿ ೨೦೦೬, ರವಿವಾರ

ರಾಮಲಿಂಗಪ್ಪನವರು ಹೊಸ ಡೈರಿ ಕೊಟ್ಟಿದ್ದಾರೆ. ರಟ್ಟು ಗಟ್ಟಿಯಾಗಿದೆ. ಮೊದಲ ಪುಟದಲ್ಲಿ ಹೆಸರು, ವಿಳಾಸ ಬರೆಯುವ ಖಾನೆ ಇತ್ತು. ಆಮೇಲೆ ಬರೆಯೋಣವೆಂದು ಬಿಟ್ಟು, ಹುಗ್ಗಿಗೆ ಗೋಧಿ ಸ್ವಚ್ಛ ಮಾಡಲು ಮೊರ ಹಿಡಿದು ಕೂತೆ.

ಫೋನು ರಿಂಗಾಯಿತು. ಶೈಲಜಾ ಎತ್ತಿದಳು. ಆ ಕಡೆಯಿಂದ ನಮ್ಮಣ್ಣನ ದನಿ ನನ್ನವರೆಗೂ ಕೇಳಿಸಿತು, ಅವನು ಫೋನಿಲ್ಲದೆಯೂ ಕಟಕೋಳದಿಂದ ಕೇಳಿಸುವವನು. “ಈ ಸರ್ತಿ ರಾಂಗ್ ನಂಬರ್ ಅನ್ನಬ್ಯಾಡವಾ!”

“ಇಲ್ರಿ ಮಾಮಾ, ಅದಾರ್ರಿ. ಕರೀತೇನಿ” ಅಂದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು: “ಕೆಂಪವ್ವಗ ಫೋನ್ ಬಂದೈತಿ!”

ನಮ್ಮವರು ಪೇಪರಿನಿಂದ ತಲೆ ಎತ್ತಿ, “ಯಾರಾಕಿ ಕೆಂಪವ್ವ?” ಅಂದರು.

“ನಾ” ಅಂದೆ.

ಮೊರ ಇಟ್ಟು ಎದ್ದು ಹೋಗಿ ಮಾತಾಡಿದೆ. ಬಹಳ ಹೊತ್ತು ಮಾತಾಡಿದೆ. ಶೈಲಜಾ ಕೆಲಸ ನಿಲ್ಲಿಸಿ ತಂತಿ ನನಗೆ ಬಿಟ್ಟುಕೊಟ್ಟಿದ್ದಳು.

ಈಗ ಖಾನೆ ತುಂಬಿದ್ದೇನೆ. ಗುರುಬಸವ್ವ ಉರ್ಫ್ ಕೆಂಪವ್ವ. ಅಚ್ಚು ಮಾಡಿದವರು ಒಂದೇ ಹೆಸರಿಗೆ ಸಾಕಾಗುವಷ್ಟು ಜಾಗ ಬಿಟ್ಟಿದ್ದಾರೆ. ಕೆಂಪವ್ವ ಗೆರೆ ದಾಟಿ ಹೊರಗೆ ಹೋಯಿತು. ಅಳಿಸಲಿಲ್ಲ.